ಅಣ್ಣನ ಹರಕೆಯೂ ಮಗನ ಕ್ಷೌರವೂ

ದೇವರ ಮುಂದೆ ಕೂತು ಇನ್ನೊಬ್ಬರು ಸಾಯಲಿ ಎಂದು ಬೇಡುವವಳು ನಾನೊಬ್ಬಳೇ ಅಲ್ಲ. ಬರೆದು ಒಪ್ಪಿಕೊಳ್ಳುವವಳು ನಾನೊಬ್ಬಳೇ ಇರಬಹುದು. ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು, ಅಕ್ಷರ ಸೊಟ್ಟ. ಅದಕ್ಕೆ ಕಾರಣನಾದವನ ಕಥೆಯೇ ಇದು, ಹೇಗಿದೆಯೋ ಹಾಗೆ ಓದಿಕೊಳ್ಳಿ.

ನೈರೋಬಿಯ ಕಿಲಿಮಾನಿಯಲ್ಲಿ ಮಗನ ಫ್ಲಾಟಿನಲ್ಲಿದ್ದೇನೆ. ಎದುರು ಮನೆಯಲ್ಲಿ ಲಿನ್ ಎಂಬ ಚೀನೀ ಮುದುಕಿ. ನನ್ನದೇ ವಯಸ್ಸು, ಎಪ್ಪತ್ತೆರಡು. ಮನೆಯಲ್ಲೇ ಒಂದು ಕುರ್ಚಿ ಹಾಕಿಕೊಂಡು ಅವರ ಜನಕ್ಕೆಲ್ಲ ಕೂದಲು ಕತ್ತರಿಸುತ್ತಾಳೆ, ನನ್ನ ಮಗನಿಗೂ. ನಮಗಿಬ್ಬರಿಗೂ ಬರುವ ಸ್ವಾಹಿಲಿ ಟೊಮೆಟೊ ಕೊಳ್ಳಲು ಸಾಲುತ್ತದೆ, ಸೊಸೆಯರನ್ನು ಬೈಯಲು ಸಾಲದು. ಅದಕ್ಕೆ ಅವಳ ಫೋನಿದೆ. ಅವಳು ಚೀನೀ ಭಾಷೆಯಲ್ಲಿ ಹೇಳಿದ್ದನ್ನು ಅದು ನನಗೆ ಕನ್ನಡದಲ್ಲಿ ಹೇಳುತ್ತದೆ, ಶ್ರಾದ್ಧಕ್ಕೆ ಬಂದ ಪುರೋಹಿತರ ಧ್ವನಿಯಲ್ಲಿ.

ಅವರ ಹೊಸ ವರ್ಷ ಕಳೆದು ಮೂರು ವಾರದ ಮೇಲಾಗಿತ್ತು. ಮಗನ ಫ್ಯಾಕ್ಟರಿಗೆ ಯಾರೋ ದೊಡ್ಡವರು ಬರುವವರಿದ್ದರು, ಇವನ ಕೂದಲು ಕಿವಿ ಮುಚ್ಚಿತ್ತು. ಕರೆದುಕೊಂಡು ಹೋಗಿ ಬಾಗಿಲು ತಟ್ಟಿದರೆ ಲಿನ್ ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಫೋನು ಗಂಭೀರವಾಗಿ ನುಡಿಯಿತು: “ವರ್ಷದ ಮೊದಲ ತಿಂಗಳಿನಲ್ಲಿ ಕೇಶ ಕತ್ತರಿಸಿದರೆ ತಾಯಿಯ ಸಹೋದರನು ಮರಣ ಹೊಂದುವನು.”

“ಇನ್ನೊಂದು ಸಲ ಹೇಳಿಸು,” ಎಂದೆ. ಹೇಳಿಸಿದಳು. ಕಿವಿಗೆ ಹಿತವಾಗಿತ್ತು.

“ಬೇಡ ಬಿಡಮ್ಮ, ಮಾವನಿಗೆ ಎಪ್ಪತ್ತೊಂಬತ್ತು,” ಎಂದ ಮಗ ನಗುತ್ತಾ.

“ಅದಕ್ಕೇ ಹೇಳ್ತಿರೋದು. ಬೀದೀಲಿ ಕಿನ್ಯೋಜಿ ತೆಗೆದಿದೆ, ನಡಿ.” ಇಲ್ಲಿ ಕ್ಷೌರದಂಗಡಿಗೆ ಹಾಗೆನ್ನುತ್ತಾರೆ. ನಾನೇ ಜೊತೆಗೆ ಹೋಗಿ, ಹಿಂದೆ ಇನ್ನೂ ಸ್ವಲ್ಪ ತೆಗಿ ಎಂದು ಕೈಸನ್ನೆ ಮಾಡಿದೆ.

ನನ್ನನ್ನು ರಾಕ್ಷಸಿ ಎನ್ನುವ ಮುಂಚೆ ಇದನ್ನು ಕೇಳಿ. ಅಣ್ಣ ಎಸ್ಸೆಸ್ಸೆಲ್ಸಿ ಪಾಸಾದರೆ ತಿರುಪತಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದ. ಪಾಸಾದ, ಥರ್ಡ್ ಕ್ಲಾಸಿನಲ್ಲಿ. ಬೋಳು ತಲೆಯಲ್ಲಿ ಕಾಲೇಜಿಗೆ ಹೋಗಲು ಅವನಿಗೆ ನಾಚಿಕೆ. ಮನೆಯವರು ಯಾರು ಕೊಟ್ಟರೂ ನಡೆಯುತ್ತದೆ ಎಂದು ಅಪ್ಪನನ್ನು ಒಪ್ಪಿಸಿ ನನ್ನ ತಲೆ ಕೊಡಿಸಿದ. ನನಗೆ ಒಂಬತ್ತು ವರ್ಷ, ಸೊಂಟದವರೆಗೆ ಜಡೆ. ಶಾಲೆಯಲ್ಲಿ ಹುಡುಗರು ತಲೆಯ ಮೇಲೆ ತಬಲ ಬಾರಿಸಿದರು. ಕೂದಲು ಬರುವವರೆಗೆ ಮನೆಯಲ್ಲಿರಲಿ ಎಂದರು. ಕೂದಲು ಬಂತು, ಮತ್ತೆ ಶಾಲೆಗೆ ಯಾರೂ ಕಳಿಸಲಿಲ್ಲ. ಅವನು ಹೆಡ್‌ಮಾಸ್ಟರಾಗಿ ರಿಟೈರಾದ.

ಆದರೆ ಮಗನ ಕ್ಷೌರವಾದ ದಿನದಿಂದ ನನಗೆ ಊಟ ಸೇರಲಿಲ್ಲ. ಗ್ಯಾಸ್ ಎಂದು ಸೊಸೆ ಮಾತ್ರೆ ಕೊಟ್ಟಳು. ಊರಿನಿಂದ ಫೋನ್ ಬಂದರೆ ಸೊಸೆಯ ಕೈಗೆ ಕೊಡುತ್ತಿದ್ದೆ. ನಾಲ್ಕನೇ ದಿನ ನಾನೇ ಮಾಡಿದೆ, ಆರು ವರ್ಷಗಳ ಮೇಲೆ.

“ಏನೇ, ಯಾರು ಹೋದರು?” ಎಂದ ಅಣ್ಣ.

“ಇನ್ನೂ ಯಾರೂ ಇಲ್ಲ. ಅದನ್ನೇ ವಿಚಾರಿಸೋಣ ಅಂತ.”

“ಒಳ್ಳೇ ಟೈಮಿಗೆ ಮಾಡಿದೆ. ಮುಂದಿನ ತಿಂಗಳು ನನ್ನ ಮಂಡಿ ಆಪರೇಷನ್ನು. ಸರಿಹೋದರೆ ಮುಡಿ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೀನಿ.”

“ಯಾರದ್ದು?”

ಸ್ವಲ್ಪ ಹೊತ್ತು ಕೆಮ್ಮಿದ. “ನನ್ನ ತಲೇಲಿ ಎಲ್ಲಿದೆಯೇ? ನಿಂದು ಇನ್ನೂ ದಟ್ಟವಾಗಿದೆ ಅಂತ ನಿನ್ನ ಮಗ ಹೇಳ್ತಿದ್ದ.”

ಫೋನ್ ಇಟ್ಟೆ. ಅಂದು ಎರಡು ಸಲ ಬಡಿಸಿಕೊಂಡು ಉಂಡೆ.

ಅದೇ ವಾರ ಲಿನ್ ಬಾಗಿಲ ಮುಂದೆ ಸಾಲು ನಿಂತಿತ್ತು. ಅವರ ಎರಡನೇ ತಿಂಗಳ ಎರಡನೇ ದಿನ ಡ್ರ್ಯಾಗನ್ ತಲೆ ಎತ್ತುತ್ತದಂತೆ. ಅಂದು ಕೂದಲು ಕತ್ತರಿಸಿಕೊಂಡವರಿಗೆ ವರ್ಷವೆಲ್ಲ ಅದೃಷ್ಟವಂತೆ. ನಾನೂ ಸಾಲಿನಲ್ಲಿ ನಿಂತೆ. ಕುರ್ಚಿಯಲ್ಲಿ ಕೂತು, ಕತ್ತಿನವರೆಗೆ ಎಂದು ಕೈಯಲ್ಲಿ ಗೀರಿ ತೋರಿಸಿದೆ. ಈ ಸಲ ನನ್ನ ತಲೆ ನನ್ನ ಅದೃಷ್ಟಕ್ಕೆ. ಕೇಳಲು ಅಣ್ಣನಿಗೆ ಏನೂ ಉಳಿಯಬಾರದು. ಜಡೆ ಒಂದೇ ಏಟಿಗೆ ಬಂತು. ಲಿನ್ ಅದನ್ನು ಕೆಂಪು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟಳು.

ಕಸದ ಬುಟ್ಟಿಗೆ ಎಸೆದೆ ಎಂದು ಬರೆಯಲು ಕೂತಿದ್ದೆ. ಬೀರುವಿನಲ್ಲಿದೆ, ಅವನ ಆಪರೇಷನ್ ಮುಗಿಯಲಿ ಎಂದು.