ಗಾಳಿ ಬೇಕಾದರೆ ಮಿಕ್ಸಿ ಹಾಕಿ!

"ಇನ್ನು ಮುಂದೆ ಈ ಮನೆಯಲ್ಲಿ ಒಂದು ಸ್ಕ್ರೂ ತಿರುಗಿಸೋದಕ್ಕೂ ಹೊರಗಿನವರು ಬರಕೂಡದು!"

ಹೀಗೆಂದು ನಾನು ಘೋಷಿಸಿದ್ದು ಶನಿವಾರ ಸಂಜೆ, ಅಡುಗೆಮನೆಯ ನಟ್ಟನಡುವೆ ನಿಂತು. ಚನ್ನರಾಯಪಟ್ಟಣದ ಪಿಯು ಕಾಲೇಜಿನಲ್ಲಿ ವರ್ಷಾನುಗಟ್ಟಲೆಯಿಂದ ಭೌತಶಾಸ್ತ್ರ ಬೋಧಿಸುತ್ತಿರುವ ನೇಮಿರಾಜನೆಂಬ ನಾನು, ಸುಟ್ಟುಹೋದ ಒಂದು ಪ್ಲಗ್ಗಿಗಾಗಿ ಎಲೆಕ್ಟ್ರಿಷಿಯನ್ನನ ದಾರಿ ಕಾಯುವುದೇ? ಧನ ಆವೇಶ, ಋಣ ಆವೇಶ, ವೋಲ್ಟೇಜು, ರೋಧ ಎಲ್ಲವೂ ನನಗೆ ನೀರು ಕುಡಿದಷ್ಟು ಸಲೀಸು. ಎಲೆಕ್ಟ್ರಾನುಗಳಂತೂ ನನ್ನ ಹಾಜರಿ ಪುಸ್ತಕದಲ್ಲೇ ಇವೆ ಎಂಬ ಭ್ರಮೆ ನನಗೆ!

"ಕಾಂತರಾಜು ಸೋಮವಾರ ಬತ್ತೀನಿ ಅಂದವ್ನೆ ಕಣ್ರೀ" ಎಂದಳು ಹೆಂಡತಿ ರಾಜೀಮತಿ. "ನಾಳೆ ಬೀಗರು ಬರೋರವ್ರೆ. ಒಂದಿನ ತಾನೆ, ಮಿಕ್ಸೀನ ಹಾಲ್‌ನಲ್ಲಿ ಟಿವಿ ಪ್ಲಗ್ಗಿಗೆ ಹಾಕ್ಕೊತೀನಿ. ನೀವು ಸುಮ್ನಿರಿ ಸಾಕು."

"ಬೀಗರ ಮುಂದೆ ಟಿವಿ ಪಕ್ಕ ಕೂತು ಹೂರಣ ರುಬ್ತೀಯಾ? ಫಿಸಿಕ್ಸ್ ಮೇಷ್ಟ್ರ ಮನೆ ಕಣೆ ಇದು!"

ಬೀಗರೆಂದರೆ ನಮ್ಮ ಮಗಳು ತ್ರಿಷಾಳ ಅತ್ತೆ ಮಾವ, ಸಾಲಗಾಮೆ ಕಡೆಯ ತೋಟದವರು. ಮದುವೆಯಾದ ಮೇಲೆ ನಮ್ಮ ಮನೆಗೆ ಇದೇ ಮೊದಲ ಊಟ. ಭಾನುವಾರ ಬೆಳಗೊಳದಲ್ಲಿ ಪೂಜೆ ಮುಗಿಸಿಕೊಂಡು ಸಂಜೆಗೆ ಬರುವವರಿದ್ದರು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಬೀಗಿತ್ತಿ ಮರುದೇವಮ್ಮನವರಂತೂ ಮುಳುಗಿದ ಮೇಲೆ ನೀರನ್ನೂ ಮುಟ್ಟುವವರಲ್ಲ. ಸಾಲದ್ದಕ್ಕೆ ಅಂದು ಅವರಿಗೆ ಒಪ್ಪತ್ತು. ಇಡೀ ದಿನಕ್ಕೆ ಒಂದೇ ಊಟ, ಅದೂ ನಮ್ಮ ಮನೆಯಲ್ಲಿ!

"ಅಪ್ಪಾ, ಲೇಟ್ ಮಾಡಿ ನನ್ನ ಮಾನ ಕಳೀಬೇಡಿ" ಎಂದು ತ್ರಿಷಾ ಫೋನಿನಲ್ಲಿ ಗೋಗರೆದಿದ್ದಳು. "ಬೆಳಕಿದ್ದಾಗ್ಲೇ ಎಲೆ ಹಾಕಿದ್ರಾಯ್ತು" ಎಂದು ನಾನು ನಕ್ಕಿದ್ದೆ.

ಭಾನುವಾರ ಬೆಳಗಿನಿಂದಲೇ ಲೈನ್ ದುರಸ್ತಿ ಎಂದು ಕರೆಂಟಿರಲಿಲ್ಲ. ರಾಜೀಮತಿ ಬೇಳೆ ಬೇಯಿಸಿ, ಕಾಯಿ ತುರಿದು, ಕಣಕ ನಾದಿ, ಮಿಕ್ಸಿಯ ಮುಂದೆ ಕೈಕಟ್ಟಿ ಕೂತಿದ್ದಳು. ಒರಳುಕಲ್ಲು ಈ ಮನೆ ಕಟ್ಟುವಾಗಲೇ ತಳಪಾಯ ಸೇರಿತ್ತು. ಅದೂ ನನ್ನದೇ ಸಲಹೆ. ಕರೆಂಟಿಲ್ಲದ್ದು ನನಗೆ ಮಾತ್ರ ಸುಮುಹೂರ್ತ! ಹಳೇ ಪ್ಲಗ್ಗಿನ ಜೊತೆ ಅದರ ವೈರೂ ಸುಟ್ಟಿತ್ತು, ಆದರೆ ಊಟದ ಕೋಣೆಯ ಫ್ಯಾನಿಗೆ ಹೋಗುವ ವೈರು ಅಡುಗೆಮನೆ ಗೋಡೆಯ ಮೇಲೇ ಹಾದಿತ್ತು. ಅದನ್ನು ನಡುವೆ ಕತ್ತರಿಸಿ, ಎರಡು ತುದಿಗಳನ್ನು ಹೊಸ ಪ್ಲಗ್ಗಿನ ಎರಡು ಕಣ್ಣುಗಳಿಗೆ ಸಿಕ್ಕಿಸಿ, ಸ್ಕ್ರೂ ಬಿಗಿದು, ಹಿಂದೆ ಸರಿದು ನೋಡಿದೆ. ಆಹಾ, ಏನು ಅಂದ!

ಐದು ಗಂಟೆಗೆ ಮಗಳು ಅಳಿಯನನ್ನೂ ಹತ್ತಿಸಿಕೊಂಡು ಬೀಗರ ಕಾರೂ ಬಂತು, ಕರೆಂಟೂ ಬಂತು.

ಊಟದ ಕೋಣೆಯಲ್ಲಿ ಮರುದೇವಮ್ಮನವರನ್ನೂ ಬೀಗರಾದ ಕೀರ್ತಿರಾಜರನ್ನೂ ಕೂರಿಸಿ ಫ್ಯಾನಿನ ಸ್ವಿಚ್ ಒತ್ತಿದೆ. ತಿರುಗಲಿಲ್ಲ. ಏಪ್ರಿಲ್ ಸೆಕೆ. ಬೀಗರು ಟವೆಲಿನಲ್ಲಿ ಬೀಸಿಕೊಳ್ಳತೊಡಗಿದರು. ಅಷ್ಟರಲ್ಲಿ ಒಳಗೆ ರಾಜೀಮತಿ ಮಿಕ್ಸಿ ಹಾಕಿದಳು. ಫ್ಯಾನು ಗಿರ್ರನೆ ತಿರುಗಿತು!

"ರೀ! ಮಿಕ್ಸಿ ತಿರುಗ್ತಾನೇ ಇಲ್ಲ! ಗುಂಯ್ ಅಂತದೆ ಅಷ್ಟೇ!" ಎಂದು ಒಳಗಿನಿಂದ ಕೂಗಿ, ಮಿಕ್ಸಿ ಆರಿಸಿದಳು. ಫ್ಯಾನು ನಿಂತಿತು.

ಮತ್ತೆ ಹಾಕಿದಳು. ಫ್ಯಾನು ತಿರುಗಿತು. ಆರಿಸಿದಳು. ನಿಂತಿತು.

"ಏನ್ ಬೀಗರೇ ಇದು?" ಎಂದರು ಕೀರ್ತಿರಾಜರು ಮೇಲೆ ನೋಡುತ್ತಾ. "ನಿಮ್ಮನೇಲಿ ಗಾಳಿ ಬೇಕು ಅಂದ್ರೆ ಚಟ್ನಿ ರುಬ್ಬಬೇಕಾ?"

ಅಳಿಯ ಜಿನೇಶ್ ಮೆಲ್ಲಗೆ, "ಮಾವ, ಎರಡೂ ಸೀರೀಸ್‌ನಲ್ಲಿ ಬಿದ್ದಿರಬೇಕು. ಫ್ಯಾನೇ ವೋಲ್ಟೇಜೆಲ್ಲ ತಗೊಂಡು ಮಿಕ್ಸಿಗೆ ಏನೂ ಉಳಿಸ್ತಿಲ್ಲ" ಎಂದ.

ಅವನು ಹೇಳಿದ್ದು ಅಕ್ಷರಶಃ ಸರಿ. ಅದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಕೆಳಗೆ ಎರಡು ಗೆರೆ ಕೂಡ ಎಳೆಯುತ್ತೇನೆ! ಆದರೂ ಅಳಿಯನ ಮುಂದೆ ಒಪ್ಪಿಕೊಳ್ಳುವುದುಂಟೆ? "ಗೊತ್ತು ಗೊತ್ತು, ಟೆಸ್ಟ್ ಮಾಡ್ತಾ ಇದ್ದೆ" ಎಂದೆ.

ರಾಜೀಮತಿ ಮಿಕ್ಸಿಯನ್ನು ಎತ್ತಿಕೊಂಡು ಹಾಲ್ ಕಡೆ ಹೊರಟಿದ್ದಳು. ಅಡ್ಡ ನಿಂತೆ.

"ಎರಡೇ ನಿಮಿಷ! ಪ್ಯಾರಲಲ್ ಮಾಡಿಬಿಡ್ತೀನಿ."

"ಬಿಡ್ರೀ ದಾರಿ! ಹುಳಿಗೆ ಕಾಯಿ ರುಬ್ಬಿಲ್ಲ, ಹೂರಣ ರುಬ್ಬಿಲ್ಲ, ಹೊತ್ತು ಇಳೀತಾ ಅದೆ!"

"ಅವರೆದುರು ನನ್ನ ಮರ್ಯಾದೆ ತೆಗೀಬೇಡ ಕಣೆ" ಎಂದು ಪಿಸುಗುಟ್ಟಿದೆ. ಪಾಪ, ಅವಳು ನಿಂತಳು. ನನ್ನ ಮಾತು ಕೇಳಿದ್ದೇ ಅವಳು ಮಾಡಿದ ತಪ್ಪು.

ಎರಡು ನಿಮಿಷ ಅರ್ಧ ಗಂಟೆಯಾಯಿತು. ಇನ್ನೊಂದು ವೈರು ಎಳೆದೆ, ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ. ಬಾಗಿಲಲ್ಲಿ ತ್ರಿಷಾ ಉಗುರು ಕಚ್ಚುತ್ತಾ, "ಅಪ್ಪಾ, ಸಾಕು ಬಿಡಿ" ಎನ್ನುತ್ತಿದ್ದಳು. ಕೊನೆಗೆ ಮೆಯಿನ್ ಹಾಕಿ, ಸ್ಕ್ರೂಡ್ರೈವರನ್ನು ಕತ್ತಿಯಂತೆ ಹಿಡಿದು, ಯುದ್ಧ ಗೆದ್ದ ಸೇನಾಪತಿಯ ಗತ್ತಿನಲ್ಲಿ ಪ್ಲಗ್ಗಿನ ಸ್ವಿಚ್ ಒತ್ತಿದೆ.

ಢಮಾರ್!

ಕೂಡಬಾರದ ಎರಡು ವೈರುಗಳನ್ನು ನಾನು ಖುದ್ದಾಗಿ ಅಪ್ಪಿಸಿಬಿಟ್ಟಿದ್ದೆ. ಮೀಟರ್ ಬೋರ್ಡಿನ ಫ್ಯೂಸು ಕಪ್ಪಿಟ್ಟು, ಹೊಸ ತಂತಿ ಹಾಕಲೂ ಆಗದಂತೆ ಸೀಳಿಹೋಯಿತು. ಫ್ಯಾನು, ಮಿಕ್ಸಿ, ಟಿವಿ ಪ್ಲಗ್ಗು ಎಲ್ಲಕ್ಕೂ ಒಟ್ಟಿಗೇ ರಜೆ! ನಾಚಿಕೆ ಬಿಟ್ಟು ಕಾಂತರಾಜುಗೆ ಫೋನ್ ಮಾಡಿದೆ.

"ಕೊಣನೂರ್ ತಾವ ಮದ್ವೇಲವ್ನಿ ಸಾ! ನಾಳೀಕೆ ಬತ್ತೀನಿ. ಅಲ್ಲೀಗಂಟ ಏನೂ ಮುಟ್ಬ್ಯಾಡಿ ಸಾ!"

ರಾಜೀಮತಿ ನನ್ನ ಮುಖ ನೋಡಲಿಲ್ಲ. ಮಿಕ್ಸಿಯನ್ನು ಕಂಕುಳಲ್ಲಿ ಇರುಕಿಕೊಂಡು, ಬೇಳೆಯ ಪಾತ್ರೆ ಹಿಡಿದು, ಪಕ್ಕದ ಮನೆ ದೊಡ್ಡತಾಯಮ್ಮನಲ್ಲಿಗೆ ಓಡಿದಳು. ಹಿಂದೆ ಕಾಯಿತುರಿ ಹಿಡಿದು ತ್ರಿಷಾ. "ಬಾರವ್ವ, ಅದ್ಕೇನಂತೆ, ರುಬ್ಕೊ" ಎಂಬ ಧ್ವನಿ ಕೇಳಿತು. ಜಿನೇಶ್ ಎಲೆ ಒರೆಸತೊಡಗಿದ. ನಾನು ಕಿಟಕಿಯ ಹತ್ತಿರ ನಿಂತು ಸೂರ್ಯನನ್ನು ನೋಡುತ್ತಿದ್ದೆ. ಅವನಿಗೊಂದು ಬ್ರೇಕು ಹಾಕುವ ಸೂತ್ರ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ತಾಯಿ ಮಗಳು ಇಬ್ಬರೂ ಬೆವರಿನಲ್ಲಿ ತೊಯ್ದು ಹೋಳಿಗೆ ಬೇಯಿಸಿದರು. ಎಲೆ ಹಾಕಿ, ಹೋಳಿಗೆ ಬಡಿಸಿ, ತುಪ್ಪ ಬಿಡುವಷ್ಟರಲ್ಲಿ ಮರುದೇವಮ್ಮನವರು ಕಿಟಕಿಯಾಚೆ ನೋಡಿದರು. ನಾನೂ ನೋಡಿದೆ. ಸೂರ್ಯ ಇರಲಿಲ್ಲ.

ಅವರು ಎಲೆಗೆ ಕೈಮುಗಿದು ಮೆಲ್ಲಗೆ ಎದ್ದರು. "ಬೇಜಾರ್ ಮಾಡ್ಕೊಬೇಡಿ ರಾಜೀಮತಿ. ಹೊತ್ತು ಹೋಯ್ತು, ನೀವೇನ್ ಮಾಡಕಾಯ್ತದೆ?" ಎಂದರು. ಕೀರ್ತಿರಾಜರೂ ಎದ್ದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೆಳಗಿನಿಂದ ಏನೂ ತಿನ್ನದ ಹೆಂಗಸು ನನ್ನ ಜಂಭದ ದೆಸೆಯಿಂದ ಒಂದು ಗುಟುಕು ನೀರೂ ಕುಡಿಯದೆ ಸಾಲಗಾಮೆಗೆ ಹೊರಟರಲ್ಲ! ಕಟ್ಟಿಕೊಡೋಣವೆಂದರೆ ರಾತ್ರಿ ಕಳೆದ ಅಡುಗೆ ಅವರಿಗೆ ಆಗದು. ಕಾರು ಹತ್ತುವಾಗ ತ್ರಿಷಾ ನನ್ನ ಕಡೆ ತಿರುಗಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಗೇಟು ಹಾಕುವುದನ್ನೂ ಮರೆತು ಅಲ್ಲೇ ನಿಂತಿದ್ದೆ. ಹೋಳಿಗೆಯೆಲ್ಲ ದೊಡ್ಡತಾಯಮ್ಮನ ಮನೆಗೆ ಹೋಯಿತು. ನಾವೂ ಉಪವಾಸ ಮಲಗಿದೆವು, ರಾಜೀಮತಿ ಗೋಡೆಯ ಕಡೆ ಮುಖ ಮಾಡಿಕೊಂಡು.

ಬೆಳಿಗ್ಗೆ ಮರುದೇವಮ್ಮನವರ ಫೋನು. ರಾಜೀಮತಿ ಎತ್ತಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ನಾವು ತಿಂಡಿ ತಿಂದ್ವಿ, ನೀವೂ ತಿನ್ನಿ ಮೊದ್ಲು. ನಿಮ್ ಮಗಳು ರಾತ್ರಿಯೆಲ್ಲ ಅತ್ತವ್ಳೆ, ನಾನೇ ಸಮಾಧಾನ ಮಾಡ್ದೆ. ಬರೋ ಭಾನುವಾರ ನೀವೇ ನಮ್ಮನೆಗೆ ಊಟಕ್ಕೆ ಬನ್ನಿ."

ನನಗೆ ಹೋದ ಜೀವ ಬಂದಂತಾಯಿತು. ಫೋನಿನ ಹತ್ತಿರ ಬಾಗಿ, "ಖಂಡಿತ ಬರ್ತೀವಿ, ಬೀಗಿತ್ತಿಯವರೇ!" ಎಂದೆ.



"ಬನ್ನಿ ಬೀಗರೇ, ಸಂತೋಷ. ಆದ್ರೆ ಚಪ್ಪಲಿ ಜೊತೆ ಆ ಸ್ಕ್ರೂಡ್ರೈವರ್ರೂ ಬಾಗಿಲಾಚೆ ಬಿಟ್ಟು ಒಳಕ್ಕೆ ಬನ್ನಿ!"