ಎಲ್ಲಿ ಇಳಿಯುತ್ತೀರಿ?

ಕೂರುವ ಜಾಗದ ಮೇಲೆ ನನಗಿರುವಷ್ಟು ಆಸೆ ಬಂಗಾರದ ಮೇಲೂ ಇಲ್ಲ. ಇದು ಹುಟ್ಟುಗುಣವಲ್ಲ. ಮೈಸೂರಿನಲ್ಲಿದ್ದಾಗ ಸಿಟಿ ಬಸ್ಸಿನಲ್ಲಿ ಎದ್ದು ಜಾಗ ಕೊಡುವಷ್ಟು ಸಂಭಾವಿತಳೇ ಆಗಿದ್ದೆ. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದು ಫೋರ್ಟಿನ ಆಫೀಸಿಗೆ ಲೋಕಲ್ ರೈಲು ಹಿಡಿಯತೊಡಗಿದ ಮೇಲೆ ಆ ಸಂಭಾವಿತತನವೆಲ್ಲ ಫುಟ್‌ಬೋರ್ಡಿನಲ್ಲೇ ಉದುರಿಹೋಯಿತು. ನಮ್ಮ ಲೇಡೀಸ್ ಡಬ್ಬಿಯಲ್ಲಿ, ಅಂದರೆ ಹೆಂಗಸರ ಬೋಗಿಯಲ್ಲಿ, ಒಂದು ಪದ್ಧತಿಯಿದೆ. ಹತ್ತಿದ ಕೂಡಲೇ, ಕುಳಿತವರನ್ನು ಒಬ್ಬೊಬ್ಬರನ್ನಾಗಿ "ಕಿಧರ್ ಉತರೋಗೇ?" ಎಂದು ಕೇಳುತ್ತ ಹೋಗಬೇಕು. ಎಲ್ಲಿ ಇಳಿಯುತ್ತೀರಿ ಎಂದು ಕೇಳುವುದು ಕ್ಷೇಮಸಮಾಚಾರಕ್ಕಲ್ಲ. ಅವರು ಥಾಣೆ ಎಂದರೆ, ಥಾಣೆಯಿಂದಾಚೆ ಆ ಜಾಗ ನಮ್ಮದು. ಒಮ್ಮೆ ಒಪ್ಪಿಕೊಂಡವರು ಮಾತಿಗೆ ತಪ್ಪುವಂತಿಲ್ಲ; ತಮ್ಮ ಸ್ಟೇಷನ್ ಬಂದಾಗ ನಮ್ಮನ್ನೇ ಹುಡುಕಿ, ಕೂರಿಸಿ, ಇಳಿದುಹೋಗಬೇಕು. ನಾನು ಬಸಿರಿಯಾಗಿದ್ದಾಗ ಈ ಪದ್ಧತಿಯೇ ನನ್ನನ್ನು ಕಾಪಾಡಿತು. ಮಗಳು ಅನಘಾ, ಅಮ್ಮ ಎನ್ನುವುದಕ್ಕೆ ಮೊದಲೇ ಹೊಟ್ಟೆಯೊಳಗೇ ಈ ಮಾತು ಕಲಿತಳೆಂದು ನಮ್ಮವರು ಇಂದಿಗೂ ಛೇಡಿಸುತ್ತಾರೆ.

ಆ ಅನಘಾ ಹನ್ನೆರಡನೇ ಕ್ಲಾಸು ಮುಗಿಸಿ, ಎಂಟ್ರೆನ್ಸ್ ಬರೆದು, ಎರಡು ಕಾಲೇಜುಗಳ ನಡುವೆ ಬಂದು ನಿಂತಳು. ಒಂದು ನವಿ ಮುಂಬಯಿಯ ದಂತವೈದ್ಯಕೀಯ; ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಇನ್ನೊಂದು ಎಂಬಿಬಿಎಸ್; ಆದರೆ ಘಟ್ಟದಾಚೆಯ ಒಂದು ಸಣ್ಣ ಊರಿನಲ್ಲಿ. ಆ ಊರಿನ ಹೆಸರು ಹೇಳಿದರೆ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಡಾಕ್ಟರಾಗಬೇಕೆಂಬುದು ಅವಳ ಚಿಕ್ಕಂದಿನ ಹುಚ್ಚು. ನಾನೋ ಇದ್ದಕ್ಕಿದ್ದಂತೆ ಹಲ್ಲಿನ ಪರಮಭಕ್ತೆಯಾದೆ. ಹಲ್ಲೂ ದೇಹದ್ದೇ ಭಾಗ, ಹಲ್ಲಿಲ್ಲದಿದ್ದರೆ ಉಳಿದ ದೇಹಕ್ಕೆ ಊಟವೆಲ್ಲಿಂದ ಬರಬೇಕು ಎಂದು ವಾರವಿಡೀ ವಾದಿಸಿದೆ. ಸಂಜೆ ಬಾಗಿಲು ತೆಗೆದಾಗ ಅವಳ ಚಪ್ಪಲಿ ಕಾಣದಿದ್ದರೆ ನನ್ನ ಗತಿಯೇನು ಎಂಬುದಷ್ಟೇ ಆ ವಾದದ ಹುರುಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುವ ಹುಡುಗಿ, ಒಂದು ದಿನ ಅಡುಗೆಮನೆಗೆ ಬಂದು ಅಪ್ಪಟ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ನೀನು ಬೇಡ ಅಂದ್ರೆ ನಾನು ಹೋಗಲ್ಲ." ಜಗಳವಾಡಿದ್ದರೆ ಗೆದ್ದುಬಿಡುತ್ತಿದ್ದೆ. ಒಮ್ಮೆ ನೋಡಿಯಾದರೂ ಬರೋಣ ಎಂದು ನಮ್ಮವರು ಟಿಕೆಟ್ ತಂದರು.

ಪಕ್ಕದ ಕಲ್ಯಾಣ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ಊರು ಇನ್ನೂ ಎರಡು ಸ್ಟೇಷನ್ ದೂರವಿರುವಾಗಲೇ ಮೂವರೂ ಚೀಲ ಎದೆಗವಚಿಕೊಂಡು ಬಾಗಿಲಿಗೆ ಹೋಗಿ ನಿಂತೆವು. ಲೋಕಲಿನಲ್ಲಿ ಓಡಾಡುವ ನಮ್ಮಂಥವರಿಗೆ ಕೂತಲ್ಲಿಂದ ನಿಧಾನವಾಗಿ ಎದ್ದು ಇಳಿಯುವುದು ತಿಳಿಯದು. ರೈಲು ನಿಂತಾಗ ನೋಡಿದರೆ ಹಿಂದಿನಿಂದ ತಳ್ಳಲು ಯಾರೂ ಇರಲಿಲ್ಲ. ಇಳಿದವರು ನಾವು ಮತ್ತು ಕೋಳಿಬುಟ್ಟಿ ಹೊತ್ತ ಒಬ್ಬ ಹೆಂಗಸು ಮಾತ್ರ. ಮುಂಬಯಿಯಲ್ಲಿ ಹಳಿಯ ಒಂದು ಬದಿ ಈಸ್ಟು, ಇನ್ನೊಂದು ಬದಿ ವೆಸ್ಟು; ಆ ಅಭ್ಯಾಸದಲ್ಲೇ, ಕಾಲೇಜು ಈಸ್ಟಿನಲ್ಲೋ ವೆಸ್ಟಿನಲ್ಲೋ ಎಂದು ನಮ್ಮವರು ಆಟೋದವನನ್ನು ಕೇಳಿದರು. ಅವನು ಹಳಿಯ ಆಚೆ ಕಣ್ಣು ಹಾಯಿಸಿದ. ಅಲ್ಲಿ ಕಬ್ಬಿತ್ತು, ಎರಡು ಎಮ್ಮೆಗಳಿದ್ದವು. ಊರು ಯಾವ ಕಡೆಗಿದೆಯೋ ಕಾಲೇಜೂ ಅದೇ ಕಡೆಗಿದೆ ಎಂದ. ದಾರಿಯಲ್ಲಿ ಸಿಕ್ಕ ಒಂದೇ ಪುಸ್ತಕದಂಗಡಿಯಲ್ಲಿ ಗೊಬ್ಬರವನ್ನೂ ಮಾರುತ್ತಿದ್ದರು. ಬೇಡವೆನ್ನಲು ಕಾರಣಗಳು ಸಿಗುತ್ತಿವೆಯೆಂದು ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು.

ನಮ್ಮವರು ವಿಚಾರಿಸಲು ಕಾಲೇಜಿನ ಆಫೀಸಿಗೆ ಹೋದರು. ನಾವಿಬ್ಬರೂ ಅದಕ್ಕೆ ಸೇರಿದ ಆಸ್ಪತ್ರೆಯಲ್ಲಿ ಕಾಯುತ್ತ ನಿಂತೆವು. ಬೆಂಚುಗಳೆಲ್ಲ ತುಂಬಿದ್ದವು. ನನ್ನ ಕಾಲು ಸೋತಿತ್ತು. ತುದಿಯಲ್ಲಿ ಕುಳಿತಿದ್ದ ಕಚ್ಚೆ ಸೀರೆಯ ಅಜ್ಜಿಯ ಎದುರು ಹೋಗಿ ನಿಂತದ್ದಷ್ಟೇ ಗೊತ್ತು, ಬಾಯಿ ತನ್ನ ಕೆಲಸ ತಾನು ಮಾಡಿಬಿಟ್ಟಿತು: "ಕಿಧರ್ ಉತರೋಗೇ?"

ಅನಘಾ ಹಣೆ ಚಚ್ಚಿಕೊಂಡಳು. ಅಜ್ಜಿ ಮಾತ್ರ ಗಂಭೀರವಾಗಿ ಯೋಚಿಸಿ ತನ್ನ ಹಳ್ಳಿಯ ಹೆಸರು ಹೇಳಿದಳು. ಬಸ್ಸು ಡಾಂಬರು ರಸ್ತೆಯವರೆಗೆ ಮಾತ್ರ, ಅಲ್ಲಿಂದಾಚೆ ನಡಿಗೆ; ನೀವೂ ಆ ಕಡೆಯವರಾದರೆ ಜೊತೆಗೇ ಹೋಗೋಣ, ಜೋಳದ ಭಾಕರಿ ತಿಂದು ಹೋದರಾಯಿತು ಎಂದು ಮರಾಠಿಯಲ್ಲಿ ಮನೆಗೂ ಕರೆದಳು. ಹಾಗೆನ್ನುತ್ತಲೇ ಸರಿದು ಜಾಗ ಮಾಡಿ, ನನ್ನ ಬದಲು ಅನಘಾಳ ಕೈಹಿಡಿದು ಕೂರಿಸಿಕೊಂಡಳು. ಪಾಪ, ಇಷ್ಟು ಸಣ್ಣ ಹುಡುಗಿಗೆ ಏನು ಕಾಯಿಲೆ ಎಂದು ಮರುಗಿದಳು. ನನಗೆ ತಡೆಯಲಾಗಲಿಲ್ಲ. ಕಾಯಿಲೆಗೀಯಿಲೆ ಏನಿಲ್ಲ, ಡಾಕ್ಟರಿಕೆ ಕಲಿಯಲು ಇಲ್ಲಿಗೆ ಬರುವವಳು ಇವಳು, ಎಂದು ದೊಡ್ಡ ದನಿಯಲ್ಲಿ ಹೇಳಿಬಿಟ್ಟೆ. ಅನಘಾ ತಲೆಯೆತ್ತಿ ನನ್ನನ್ನು ನೋಡಿದಳು.

ಅಜ್ಜಿ ಆ ಕೈಯನ್ನು ತನ್ನ ಊದಿದ ಮಂಡಿಯ ಮೇಲಿಟ್ಟುಕೊಂಡು, "ಮಗ್ ಮೀ ಥಾಂಬತೇ" ಎಂದಳು. ಹಾಗಾದರೆ ನಾನು ಕಾಯುತ್ತೇನೆ ಎಂದು. ಏನೂ ಗೊತ್ತಿಲ್ಲದ ನನ್ನ ಮಗಳು, ಮೆಲ್ಲಗೆ ಒತ್ತಿ, ಎಲ್ಲಿ ನೋಯುತ್ತದೆ ಎಂದು ಕೇಳಿದಳು. ನಾನೇ ಹೆತ್ತು ಸಾಕಿದವಳ ಮುಖ ಅದು. ಆದರೂ ಅಂಥ ಮುಖವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಲ್ಲಿನ ಮೇಲಿನ ನನ್ನ ಭಕ್ತಿ ಆ ಬೆಂಚಿನ ಹತ್ತಿರವೇ ಮುಗಿಯಿತು.

ಮುಂದೆ ಅವಳನ್ನು ಹಾಸ್ಟೆಲಿಗೆ ಬಿಡಲು ಹೋದೆವು. ಹಾಸಿಗೆ ಹಾಸಿದೆ, ಚಟ್ನಿಪುಡಿಯ ಡಬ್ಬ ಜೋಡಿಸಿದೆ, ಮಡಿಚಿದ ಬಟ್ಟೆಯನ್ನೇ ಮತ್ತೆ ಮಡಿಚಿದೆ. ಮಾಡಲು ಏನೂ ಉಳಿಯದಾದಾಗ ಅವಳ ಮಂಚದ ಮೇಲೆ ಕುಳಿತುಬಿಟ್ಟೆ. ರೈಲಿಗೆ ಹೊತ್ತಾಯಿತು ಎಂದು ನಮ್ಮವರು ಬಾಗಿಲಲ್ಲಿ ನಿಂತು ಹೇಳಿದರು, ಮತ್ತೆ ಹೇಳಿದರು. ಎದ್ದರೆ ಅಳು ಬರುತ್ತದೆಂದು ಗೊತ್ತಿದ್ದರಿಂದ ನಾನು ಏಳಲಿಲ್ಲ. ಅನಘಾ ಬಂದು ಎದುರು ನಿಂತಳು. ಅವಳ ಕಣ್ಣೂ ತುಂಬಿತ್ತು. ಇಲ್ಲದ ಚೀಲವೊಂದನ್ನು ಹೆಗಲಿಗೇರಿಸಿಕೊಂಡವಳಂತೆ ನಟಿಸಿ, ಪಕ್ಕಾ ಲೇಡೀಸ್ ಡಬ್ಬಿಯ ದನಿಯಲ್ಲಿ ಕೇಳಿದಳು: "ಆಂಟೀ, ಕಿಧರ್ ಉತರೋಗೇ?"

ಇಷ್ಟು ವರ್ಷ ಲೋಕಲಿನಲ್ಲಿ ಓಡಾಡಿದವಳು, ಕೇಳಿದವರಿಗೆ ಜಾಗ ಬಿಡದಿರುವುದುಂಟೇ? "ಡೊಂಬಿವಲಿ" ಎಂದೆ. ಪದ್ಧತಿಯಂತೆ ಎದ್ದು, ಅವಳನ್ನು ಕೂರಿಸಿ, ಇಳಿದುಬಂದೆ.

ಆಟೋದಲ್ಲಿ ಕಣ್ಣೊರೆಸಿಕೊಳ್ಳಲು ಹುಡುಕಿದರೆ ಕರ್ಚೀಫು ಇರಲಿಲ್ಲ. ಅವಳ ಮಂಚದ ಮೇಲೇ ಮರೆತುಬಂದೆ ಎಂದು ನಮ್ಮವರಿಗೆ ಹೇಳಿದೆ. ಸೀಟಿಗೆ ಕರ್ಚೀಫು ಹಾಕಿ ಜಾಗ ಹಿಡಿಯುವ ಜನರನ್ನು ಅವರೂ ಬೇಕಾದಷ್ಟು ಕಂಡಿದ್ದಾರೆ, ನಂಬಲಿಲ್ಲ.