ಕೆನೆಯಲ್ಲಿ ಎದ್ದ ಹಿಮಾಲಯ

ಅನುಮಾನಪಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಅರಕಲಗೂಡಿನಲ್ಲಿ ಇರಲಾರರು. ನಮ್ಮ ಮನೆಯವರು ಬದುಕಿದ್ದ ಕೊನೆಯ ದಿನವೂ ನಾನು ಅನುಮಾನದಿಂದಲೇ ಎದ್ದೆ. ರಾತ್ರಿ ಕಾಯಿಸಿಟ್ಟ ಹಾಲಿನ ಮೇಲೆ ಬೆಳಿಗ್ಗೆ ಕೆನೆ ಸಪಾಟಾಗಿ ಹಾಸಿಕೊಂಡಿರಬೇಕಷ್ಟೆ. ಒಂದು ವಾರದಿಂದ ಅದು ಒಂದು ಕಡೆ ಮುದುಡಿ, ಇನ್ನೊಂದು ಕಡೆ ಹರಿದು ಕೂತಿರುತ್ತಿತ್ತು. ಬೆಕ್ಕಾಗಿದ್ದರೆ ಮುಚ್ಚಳವನ್ನು ಮತ್ತೆ ಮುಚ್ಚಿ ಹೋಗುತ್ತಿರಲಿಲ್ಲ. ಹಾಲು ತರುವ ನಿಂಗಮ್ಮನನ್ನು ವಿಚಾರಿಸಿದೆ. "ನಾನು ಆಲು ಆಕಿ ಓಗೋಳು ಕಣ್ರವ್ವಾ. ನಿಮ್ಮ ಮೇಷ್ಟ್ರನ್ನೇ ಕೇಳಿ" ಎಂದು ನಕ್ಕಳು. ಆ ನಗುವಿನ ಮೇಲೂ ನನಗೆ ಅನುಮಾನ ಬಂತು.

ಮೇಷ್ಟ್ರು ಅಂದರೆ ನಮ್ಮ ಮನೆಯವರೇ. ಸಮಾಜ ಪಾಠ ಮಾಡುತ್ತಿದ್ದರು. ಹಿಂದಿನ ವರ್ಷ ಎದೆನೋವು ಬಂದಾಗ ಹಾಸನದ ಡಾಕ್ಟರು ಕೆನೆ, ಬೆಣ್ಣೆ ಮುಟ್ಟಕೂಡದು ಎಂದಿದ್ದರು. ಅಂದಿನಿಂದ ಅವರ ಮೀಸೆಯನ್ನು ದಿನಾ ತಪಾಸಣೆ ಮಾಡುವುದು ನನ್ನ ಕೆಲಸ.

"ರೀ, ಕೆನೆ ತಿಂದ್ರಾ?"

"ಮುಟ್ಟಿದೀನಿ, ತಿಂದಿಲ್ಲ ಕಣೇ."

"ಸುಳ್ಳು ಹೇಳೋರು ಮಕ್ಕಳಿಗೆ ಪಾಠ ಬೇರೆ ಹೇಳ್ತೀರಿ" ಎಂದುಬಿಟ್ಟೆ. ಅವರು ನಕ್ಕರು.

ಸ್ನಾನ ಮುಗಿಸಿ ಬಂದರೆ ಹಾಲಿನ ಪಾತ್ರೆಯೇ ಇಲ್ಲ. ಜಗಲಿಯಲ್ಲಿ ಮಾತು ಕೇಳಿಸಿತು. ಬಾಗಿಲ ಸಂದಿಯಿಂದ ಇಣುಕಿದೆ. ಬೆಳಗಿನ ಪಾಠಕ್ಕೆ ಬಂದ ಏಳನೇ ಕ್ಲಾಸಿನ ಹುಡುಗಿಯರು ಪಾತ್ರೆಯ ಸುತ್ತ ಕೂತಿದ್ದರು. ಮೇಷ್ಟ್ರ ಎರಡು ಕೈಯಲ್ಲೂ ಒಂದೊಂದು ಚಮಚ.

"ಭೂಮಿ ಮೇಲ್ಪದರ ಹಿಂಗೇ ತುಂಡು ತುಂಡು. ಉಗುರು ಬೆಳೆದಷ್ಟು ನಿಧಾನಕ್ಕೆ ಸರೀತಾ ಇರ್ತವೆ. ಎಳೆದ್ರೆ ನಡುವೆ ಸಮುದ್ರ. ಇದು ನಮ್ಮ ನೆಲ, ಅದು ಏಷ್ಯಾ. ಈಗ ತಳ್ತೀನಿ, ನೋಡಿ."

ಕೆನೆ ಮೆಲ್ಲಗೆ ಸುಕ್ಕುಗಟ್ಟಿ ಮೇಲೆದ್ದಿತು.

"ಸಾ, ಇಮಾಲಯ ಎದ್ಬುಡ್ತು" ಎಂದಳು ಒಬ್ಬಳು.

"ಇನ್ನೂ ಏಳ್ತಾ ಅದೆ ಕಣವ್ವ."

"ಈ ಕೆನೇನ ಯಾರು ತಿನ್ನೋದು ಸಾ?"

"ಮುಟ್ಟೀರಾ ಮತ್ತೆ. ಒಳಗೆ ಪೊಲೀಸ್ ಅವ್ರೆ."

ಒಂದು ವಾರ ಕದ್ದು ಅಭ್ಯಾಸ ಮಾಡಿದ್ದು ಇದನ್ನು. ನನಗೆ ನಗು ಬಂತು, ನಾಚಿಕೆಯೂ ಆಯಿತು. ತಪ್ಪಾಯಿತೆಂದು ಆಗಲೇ ಹೋಗಿ ಹೇಳಬಹುದಿತ್ತು. ಹುಡುಗಿಯರ ಮುಂದೆ ಪೊಲೀಸು ತಲೆ ತಗ್ಗಿಸುವುದು ಹೇಗೆ? ಸಂಜೆ ಹೇಳಿದರಾಯಿತು ಎಂದುಕೊಂಡೆ. ಮಧ್ಯಾಹ್ನ ಅವರು ಶಾಲೆಯಲ್ಲಿ ಕುಸಿದರು. ಹಾಸನ ತಲುಪುವ ಮುಂಚೆಯೇ ಹೋಗಿಬಿಟ್ಟರು.

ಅನುಮಾನದ ಬುದ್ಧಿ ನನ್ನನ್ನು ಬಿಟ್ಟಿಲ್ಲ. ಈಗಲೂ ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ಬಗ್ಗಿ ನೋಡುತ್ತೇನೆ, ಯಾರಾದರೂ ಮುಟ್ಟಿದ್ದಾರೆಯೇ ಎಂದು. ಕೆನೆ ಸಪಾಟಾಗಿ ಹಾಸಿಕೊಂಡಿರುತ್ತದೆ. ಒಂದು ಸುಕ್ಕೂ ಇರುವುದಿಲ್ಲ.